ಗೋದಾಮಿನ ಕದ ಮುಚ್ಚುವ ದಿನ

ಫೆಬ್ರವರಿ 3

ನನ್ನ ಪ್ರೀತಿಯ ಅಕ್ಕ,

ಬೈಯಬೇಡ, ಬೈಯಬೇಡ, ಬೈಯಬೇಡ! ತಲುಪಿದ ದಿನವೇ ಕಾಗದ ಹಾಕುತ್ತೇನೆ ಎಂದು ರೈಲಿನ ಕಿಟಕಿಯಿಂದ ಕೂಗಿ ಹೇಳಿದವಳು ಮದುವೆಯಾಗಿ ಹದಿನೆಂಟು ದಿನದ ಮೇಲೆ ಪೆನ್ನು ಹಿಡಿದಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಓದದೆ ಒಲೆಗೆ ಹಾಕುತ್ತೇನೆ ಎಂದು ನೀನು ಹೆದರಿಸಿದ್ದೂ ತಡಕ್ಕೆ ಒಂದು ಕಾರಣ. ಒತ್ತಕ್ಷರ ಎಲ್ಲಿ ತಪ್ಪಿದೆಯೋ ಅಲ್ಲಿ ನನ್ನ ಪ್ರೀತಿ ಸ್ವಲ್ಪ ಜಾಸ್ತಿಯಿದೆ ಎಂದು ತಿಳಿದುಕೋ.

ಅಕ್ಕ, ನಾನು ಎಷ್ಟು ಸುಖವಾಗಿದ್ದೇನೆಂದರೆ ನನಗೇ ನಾಚಿಕೆಯಾಗುತ್ತದೆ. ಬೆಳಿಗ್ಗೆ ಇವರು ಮಿಲ್ಲಿಗೆ ಹೊರಟರೆ ಗೇಟಿನವರೆಗೆ ಹೋಗಿ ಬೀಳ್ಕೊಡುತ್ತೇನೆ. ಮಿಲ್ಲು ಇರುವುದು ಅಂಗಳದ ಆಚೆ ಬದಿಗೆ, ನೂರು ಹೆಜ್ಜೆ ದೂರದಲ್ಲಿ. "ದಂಡಯಾತ್ರೆಗೆ ಕಳಿಸ್ತಿದೀಯೇನಮ್ಮಾ?" ಎಂದು ಅತ್ತೆ ನಗುತ್ತಾರೆ. ಸಂಜೆ ಇವರು ತಲೆ, ಹುಬ್ಬು, ಮೀಸೆ ಎಲ್ಲ ಅರಳೆ ಅಂಟಿಸಿಕೊಂಡು ಬಿಳಿ ಮುದುಕನಾಗಿ ಬರುತ್ತಾರೆ. ಮೊನ್ನೆ ಬಾಗಿಲಲ್ಲೇ ತಡೆದು "ಯಾರು ಬೇಕಿತ್ತು ತಾತ? ನಮ್ಮವರು ಇನ್ನೂ ಬಂದಿಲ್ಲ" ಎಂದೆ. "ಅವನು ಬರೋದು ಬೇಡ ಬಿಡು, ನಾನೇ ಇರ್ತೀನಿ" ಎಂದರು! ಮಾವ ಒಳಗಿನಿಂದ ಕೆಮ್ಮಿದರು. ನಾನು ಅಡುಗೆಮನೆಗೆ ಓಡಿದೆ.

ಇಲ್ಲಿ ಎಲ್ಲವೂ ಹತ್ತಿ. ಚಹಾದ ಲೋಟದಲ್ಲಿ ಎಳೆ ತೇಲುತ್ತದೆ, ಹಾಸಿಗೆ ಹೊದಿಕೆಯ ಮೇಲೆ ಕೂರುತ್ತದೆ, ರಸ್ತೆಯ ಬದಿಯ ಮರಗಳಿಗೆ ಬಿಳಿ ಗಡ್ಡ. ಮೊದಲು ಇಲ್ಲಿ ಕಪ್ಪು ಮಣ್ಣು ಮತ್ತು ಮುಳ್ಳುಕಂಟಿ ಬಿಟ್ಟರೆ ಏನೂ ಇರಲಿಲ್ಲವಂತೆ. ಎಲ್ಲೋ ಸಮುದ್ರದಾಚೆ ಯುದ್ಧವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಇಲ್ಲಿಯವರು ಹೊಸ್ತಿಲವರೆಗೂ ಹತ್ತಿ ಬಿತ್ತಿದರಂತೆ. ಆಮೇಲೆ ಹತ್ತಿ ಸಾಗಿಸಲು ರೈಲು ಬಂತು. ಮನುಷ್ಯರಿಗೆ ಟಿಕೆಟ್ ಕೊಡಲು ಶುರು ಮಾಡಿದ್ದು ಹನ್ನೊಂದು ವರ್ಷ ಕಳೆದ ಮೇಲೆ. "ನಾವೆಲ್ಲ ಹತ್ತಿ ಹಿಂದೆ ಬಂದ ಲಗೇಜು ಕಣಮ್ಮ" ಎನ್ನುತ್ತಾರೆ ಮಾವ. ಹತ್ತಿ ತಂದ ಪ್ರತಿಯೊಂದು ಬಂಡಿಯವನೂ ಗೇಟಿನ ಪಕ್ಕದ ತೊಟ್ಟಿಗೆ ಒಂದು ಹಿಡಿ ಹತ್ತಿ ಹಾಕಿಯೇ ಒಳಗೆ ಬರುತ್ತಾನೆ. ಆ ಹಿಡಿಗಳಿಂದಲೇ ಇಲ್ಲಿನ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕು ಎದ್ದಿವೆ. ಯಂತ್ರದಲ್ಲಿ ಒತ್ತಿ ಕಟ್ಟಿದ ಹತ್ತಿಯ ದೊಡ್ಡ ಮೂಟೆಗೆ ಇಲ್ಲಿ ಬೇಲು ಎನ್ನುತ್ತಾರೆ, ನಮ್ಮ ಬೇಲುಗಳ ಮೇಲೆ ಐದು ಎಸಳಿನ ಹೂವಿನ ಅಚ್ಚು ಹಾಕುತ್ತಾರೆ. ಆ ಅಚ್ಚು ಕಂಡರೆ ಯಾವ ನೂಲಿನ ಗಿರಣಿಯವರೂ ಬಿಚ್ಚಿ ನೋಡುವುದಿಲ್ಲ, ಹಾಗೇ ಇಳಿಸಿಕೊಳ್ಳುತ್ತಾರೆ. ಹೆಮ್ಮೆಯಿಂದ ನನ್ನ ಕುತ್ತಿಗೆ ಎರಡು ಇಂಚು ಉದ್ದವಾಗಿದೆ.

ಇನ್ನು ಆ ಮದುವೆಯ ಊಟದ ಅಂಗಳ! ನಿನಗೆ ಮಗುವಿನ ಜ್ವರದಿಂದಾಗಿ ಇಲ್ಲಿಗೆ ಬರಲಾಗಲಿಲ್ಲವಲ್ಲ, ಅದೊಂದು ಕೊರಗು ಬಿಟ್ಟರೆ ಎಲ್ಲ ಕನಸಿನ ಹಾಗಿತ್ತು. ಮಿಲ್ಲಿನ ಮುಂದಿನ ದೊಡ್ಡ ಬಯಲು, ತುಂಬ ದೀಪ, ಉದ್ದನೆಯ ಮೇಜುಗಳು, ನಲವತ್ತು ಹಳ್ಳಿಯ ಜನ. ಆ ಅಂಗಳ ಸಿಕ್ಕಿದ್ದರ ಕಥೆ ಹೇಳುತ್ತೇನೆ ಕೇಳು. ನಿಶ್ಚಯವಾದ ಮೇಲೆ ಇವರಿಗೆ ಬರೆದ ಪತ್ರದಲ್ಲಿ ನಾನು "ಊಟ ಆಕಾಶದ ಕೆಳಗೇ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ" ಎಂದು ಬರೆದಿದ್ದೆ. ತಮಾಷೆಗೆ! ಇವರು ಅದನ್ನು ನಿಜವೆಂದೇ ಹಿಡಿದರು. ಆದರೆ ಅಂಗಳದಲ್ಲಿ ಆಗ ನಲವತ್ತೆರಡು ಬೇಲು ಕೂತಿದ್ದವಂತೆ. ಜನವರಿ ನಾಲ್ಕರಂದು ಹತ್ತಿಯ ಜೊತೆ ಬಂದ ಒಂದು ಕಲ್ಲು ಬೀಜ ಬಿಡಿಸುವ ಜಿನ್ನು ಯಂತ್ರದ ಹಲ್ಲಿಗೆ ತಾಗಿ ಕಿಡಿ ಹಾರಿತು. ಎಲ್ಲರೂ ಕಿಡಿ ನೋಡಿದರು, ಅದು ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ. ಇಲ್ಲಿನ ಕಟ್ಟಳೆ ಏನೆಂದರೆ, ಕಿಡಿ ಹಾರಿದ ದಿನ ಒತ್ತಿದ ಬೇಲುಗಳನ್ನೆಲ್ಲ ಇಪ್ಪತ್ತೊಂದು ದಿನ ಬಯಲಿನಲ್ಲಿ ದೂರ ದೂರ ಇಡಬೇಕು. ಇದಕ್ಕೆ "ವನವಾಸ" ಎಂದು ಹೆಸರು. ಬೇಲನ್ನು ಎಷ್ಟು ಗಟ್ಟಿಯಾಗಿ ಒತ್ತಿರುತ್ತಾರೆಂದರೆ ಒಳಗೆ ಸಿಕ್ಕ ಕಿಡಿ ಉರಿಯುವುದೂ ಇಲ್ಲ, ಸಾಯುವುದೂ ಇಲ್ಲ, ಗೆದ್ದಲಿನಂತೆ ತಿನ್ನುತ್ತಾ ಕೂತಿರುತ್ತದೆ. ಬಯಲಿನ ಗಾಳಿಗೆ ಬೇಗ ಹೊರಗೆ ಬೀಳುತ್ತದೆ. ಮುಚ್ಚಿದ ಜಾಗದಲ್ಲಾದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದಂತೆ.

ಇವರು ಹೋಗಿ ಮಾವನವರ ಹತ್ತಿರ ಗೋಗರೆದರು. ಮಾವನವರ ಮೂಗು ಎಂದರೆ ಈ ಸೀಮೆಗೆಲ್ಲ ಪ್ರಸಿದ್ಧ. ಬೇಲಿನ ಪಕ್ಕ ನಡೆದು ಹೋದರೆ ಸಾಕು, ಒಳಗೆ ಕೆಂಡವಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು "ಮೂಗಿನ ಸಾಹುಕಾರರು" ಎನ್ನುತ್ತಾರೆ. ಹತ್ತನೆಯ ದಿನ ಅವರು ನಲವತ್ತೆರಡನ್ನೂ ಒಂದು ಸುತ್ತು ಮೂಸಿ "ಶುದ್ಧ" ಎಂದರು. ಬೇಲುಗಳು ಗೋದಾಮಿನ ಒಳಗೆ ಹೋದವು, ಮೇಜುಗಳು ಅಂಗಳಕ್ಕೆ ಬಂದವು. ನನಗಾಗಿ, ಅಕ್ಕ! ಯಾವ ಸಿನಿಮಾದಲ್ಲಿ ಹೀಗಿದೆ ಹೇಳು! ಅತ್ತೆ ಆ ವಾರ ನಿನ್ನ ಮನೆಯಲ್ಲಿ ಕೂತು ನನ್ನ ಮದುವೆಯ ಬಟ್ಟೆ ಹೊಲಿಸುತ್ತಿದ್ದರಲ್ಲ, ವಾಪಸ್ ಬಂದು ಅಂಗಳ ತುಂಬ ದೀಪ ನೋಡಿದವರು ಒಂದು ಮಾತೂ ಆಡದೆ ಒಳಗೆ ಹೋದರಂತೆ. "ಸರ್‌ಪ್ರೈಸ್ ಆಗಿಬಿಟ್ಟಿತು ಅಮ್ಮನಿಗೆ" ಎನ್ನುತ್ತಾರೆ ಇವರು.

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು.

ನಿನ್ನ ವಟವಟಿ


ಫೆಬ್ರವರಿ 12

ಅಕ್ಕ,

ನಿನ್ನ ಪತ್ರ ಬಂತು. "ಗೋದಾಮಿನಲ್ಲಿ ಅಷ್ಟು ಹತ್ತಿ ಇಟ್ಟುಕೊಂಡು ಅವಸರ ಮಾಡಬಾರದಿತ್ತು" ಎಂದು ಬರೆದಿದ್ದೀಯ. ನೀನು ಯಾವಾಗಲೂ ಹೀಗೇ. ಹೊಸ ಚಪ್ಪಲಿ ತೋರಿಸಿದರೆ ಕಚ್ಚುತ್ತದೆ ಎನ್ನುತ್ತೀಯ. ಇವರಿಗೆ ಓದಿ ಹೇಳಿದೆ. ನಾನು "ಥರ್ಮಾಮೀಟರ್ ಇಟ್ಟು ನೋಡೋಕಾಗಲ್ವಾ?" ಎಂದು ಕೇಳಿದ್ದಕ್ಕೆ "ಬೇಲಿಗೆ ಕಂಕುಳು ಎಲ್ಲಿದೆ ಅಂತ ಹೇಳು, ಇಡೋಣ" ಎಂದು ಅರ್ಧ ಗಂಟೆ ನಕ್ಕರು.

ಆದರೆ ಗೋದಾಮು ನೋಡಿ ಬಂದ ಮೇಲೆ ನನಗೂ ಒಂದು ಥರ ಆಯಿತು, ನಿನ್ನ ಹತ್ತಿರ ಸುಳ್ಳು ಯಾಕೆ. ಕಲ್ಲಿನ ಗೋಡೆ, ಎತ್ತರದಲ್ಲಿ ಅಂಗೈ ಅಗಲದ ಕಿಟಕಿಗಳು, ಒಳಗೆ ಮನೆಗಳಷ್ಟು ಎತ್ತರಕ್ಕೆ ಬೇಲಿನ ಸಾಲು, ನಡುವೆ ಓಣಿಗಳು. ಮಾತಾಡಿದರೆ ಹತ್ತಿ ನಮ್ಮ ಮಾತನ್ನು ತಿಂದುಬಿಡುತ್ತದೆ. ಬೇಲು ಒತ್ತುವ ಪ್ರೆಸ್ಸಿನ ಮೇಸ್ತ್ರಿ ನನ್ನನ್ನು ಸುತ್ತಿಸಿ ತೋರಿಸಿದರು. ನಲವತ್ತು ಹಳ್ಳಿಯವರ ಇಡೀ ವರ್ಷದ ಬೆಳೆ ಅಲ್ಲಿದೆ. ಕೊಯ್ಲಿನ ಹೊತ್ತಿಗೆ ಹತ್ತಿಗೆ ಬೆಲೆ ಇರುವುದಿಲ್ಲ. ಅದಕ್ಕೇ ಎಲ್ಲರೂ ಇಲ್ಲಿ ತಂದಿಟ್ಟು, ಗೋದಾಮು ತುಂಬಿದ ಮೇಲೆ ಕದ ಮುಚ್ಚಿ ಮೊಹರು ಹಾಕಿ, ಎರಡು ತಿಂಗಳು ಕಾಯುತ್ತಾರೆ. ಮೊಹರು ಬಿದ್ದ ಮೇಲೆ ಯಾರೂ ಒಳಗೆ ಹೋಗುವಂತಿಲ್ಲ, ಮಾವನವರೂ ಕೂಡ. ಈ ವರ್ಷ ಫೆಬ್ರವರಿ ಇಪ್ಪತ್ತೆಂಟಕ್ಕೆ ಕದ ಮುಚ್ಚುತ್ತಾರೆ.

"ನಮ್ಮ ಮದುವೆಯ ಬೇಲುಗಳು ಯಾವುವು?" ಎಂದು ಕೇಳಿದೆ. ಮೇಸ್ತ್ರಿ ಕೈಯನ್ನು ಇಡೀ ಗೋದಾಮಿನ ಕಡೆ ಬೀಸಿದರು. "ಅವಸರದಲ್ಲಿ ಜಾಗ ಇದ್ದ ಕಡೆ ತುರುಕಿದ್ವಿ ತಾಯಿ. ಆಮೇಲೆ ಅದರ ಮೇಲೆ ಹಳ್ಳಿಗಳ ಮಾಲು ಬಿತ್ತು. ಈಗ ಹುಡುಕ್ಬೇಕು ಅಂದ್ರೆ ಪೂರ್ತಿ ಕೆಡವಬೇಕು."

"ಹಿಂದೆ ಯಾವಾಗಲಾದರೂ...?"

"ಸುಟ್ಟ ವರ್ಷ" ಎಂದರು, ಅಷ್ಟೆ. ಇಲ್ಲಿ ವಯಸ್ಸಾದವರು ಹುಟ್ಟಿದ್ದು, ಮದುವೆಯಾದದ್ದು ಎಲ್ಲ "ಸುಟ್ಟ ವರ್ಷಕ್ಕೆ ಮೂರು ವರ್ಷ ಮುಂಚೆ", "ಸುಟ್ಟ ವರ್ಷದ ಮಾರನೇ ವರ್ಷ" ಎಂದೇ ಲೆಕ್ಕ ಇಡುತ್ತಾರೆ. ಮಾವನವರ ತಂದೆಯ ಕಾಲದಲ್ಲಿ ಹಳೆಯ ಗೋದಾಮು ಹತ್ತೊಂಬತ್ತು ದಿನ ಉರಿಯಿತಂತೆ. ನೀರು ಹಾಕಿದರೂ ಒಳಗಿನ ಬೇಲು ಆರಲಿಲ್ಲವಂತೆ. ಆ ವರ್ಷ ಈ ಸೀಮೆಯಲ್ಲಿ ಒಂದು ಮದುವೆಯೂ ಆಗಲಿಲ್ಲ. ಶಾಲೆಗೆ ಬೀಗ ಬಿತ್ತು. ನಮ್ಮ ಹಿಂದಿನ ಬೀದಿಯಲ್ಲಿ ಇವತ್ತಿಗೂ ಒಂಬತ್ತು ಮನೆಗಳ ಬಾಗಿಲಿಗೆ ಹಲಗೆ ಹೊಡೆದಿದೆ, ಆಗ ಹೊರಟವರು ತಿರುಗಿ ಬರಲಿಲ್ಲ. ಆ ಬೀದಿಯಲ್ಲಿ ನಾನು ದಿನಾ ಬ್ರೆಡ್ ತರಲು ಹೋಗುತ್ತೇನೆ. ಬಣ್ಣ ಬಳಿಯಲು ಮುಚ್ಚಿದ್ದಾರೆ ಎಂದುಕೊಂಡಿದ್ದೆ.

ಸಾಕು, ಈಗ ನಗುವ ವಿಷಯ. ಅತ್ತೆ ನನ್ನ ಜೊತೆ ಒಂದು ಆಟ ಶುರು ಮಾಡಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಮುಚ್ಚಳ ಹಾಕಿದ ಬಟ್ಟಲುಗಳನ್ನು ಸಾಲಾಗಿ ಇಟ್ಟು, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, "ಇದೇನು? ಇದೇನು?" ಎಂದು ಕೇಳುತ್ತಾರೆ. ಲವಂಗ, ಸೀಮೆಎಣ್ಣೆ, ಒದ್ದೆ ಮಣ್ಣು, ನಿಂಬೆಸಿಪ್ಪೆ. ನಾನು ಒಂದನ್ನೂ ತಪ್ಪು ಹೇಳಿಲ್ಲ! ನಿನ್ನೆ ಇನ್ನೂ ಕಷ್ಟದ ಪರೀಕ್ಷೆ. ಅಡುಗೆಮನೆಯಲ್ಲಿ ನಿಂತು, ಮೂರು ಕೋಣೆ ಆಚೆ ಅವರು ಏನು ಮಾಡುತ್ತಿದ್ದಾರೆಂದು ಹೇಳಬೇಕು. "ಬಟ್ಟೆ ಸುಡ್ತಿದೀರಾ ಅತ್ತೆ! ಹತ್ತಿ ಬಟ್ಟೆ!" ಎಂದು ಕೂಗಿದೆ. ಅವರು ಬಂದು ನನ್ನ ಕೆನ್ನೆ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಸೊಸೆಗೆ ಅಡುಗೆ ಬಾರದಿದ್ದರೂ ಮೂಗಾದರೂ ಇದೆಯಲ್ಲ ಎಂಬ ಸಮಾಧಾನ ಇರಬೇಕು.

ಆ ಆಟವಾದ ಮೇಲೆ ಅವರು ದಿನಾ "ಮಾವನಿಗೆ ಕನ್ನಡಕ ಕೊಟ್ಟು ಬರ್ತೀನಿ" ಎಂದು ಗೋದಾಮಿನ ಕಡೆ ಹೋಗುತ್ತಾರೆ. ಮಾವನವರ ಕನ್ನಡಕ ಮಾವನವರ ಮೂಗಿನ ಮೇಲೇ ಇರುತ್ತದೆ. ಕೇಳಿದರೆ ಏನನ್ನುತ್ತಾರೋ ಎಂದು ಕೇಳಿಲ್ಲ.

ನಿನ್ನ ವಟವಟಿ


ಫೆಬ್ರವರಿ 21

ಅಕ್ಕ,

ತಡವಾಯಿತು, ಕ್ಷಮಿಸು. ಈ ಪತ್ರವನ್ನು ಎರಡು ಸಲ ಬರೆದು ಹರಿದಿದ್ದೇನೆ. ನಿನಗೆ ಮಾತ್ರ ಹೇಳುತ್ತಿದ್ದೇನೆ, ಭಾವನಿಗೂ ಹೇಳಬೇಡ, ಓದಿ ಒಲೆಗೆ ಹಾಕು.

ಹೋದ ಶನಿವಾರ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ನಾನು ಹಿತ್ತಲಿಗೆ ಹೋಗಿದ್ದೆ. ಬಟ್ಟೆ ಹರವುತ್ತಿದ್ದವಳಿಗೆ ಅಲ್ಲಿಯವರೆಗೂ ವಾಸನೆ ಬಂತು. ಓಡಿ ಬಂದರೆ ಹಾಲೆಲ್ಲ ಉಕ್ಕಿ, ತಳ ಕಪ್ಪಾಗಿ, ಅಡುಗೆಮನೆ ತುಂಬ ಹೊಗೆ. ಮಾವ ಒಲೆಯಿಂದ ಎರಡು ಮೊಳ ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಾ ಕೂತಿದ್ದಾರೆ! "ಮಾವ, ಹಾಲು!" ಎಂದೆ. ತಿರುಗಿ ನೋಡಿದರು. ನಾನು ನಕ್ಕೆ. "ಊರಿನ ಮೂಗೆಲ್ಲ ನಿಮ್ಮದೇ, ಮನೆಯ ಹಾಲು ಮಾತ್ರ ಗೊತ್ತಾಗಲ್ಲ!" ಎಂದೆ. ಅವರು ನಗಲಿಲ್ಲ. ಪೇಪರ್ ಮಡಚಿದರು, ಇನ್ನೊಂದು ಸಲ ಮಡಚಿದರು, ಎದ್ದು ಹೋದರು. ನಾನು ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಕದ ಹಾಕು" ಎಂದರು.

ಎಂಟು ವರ್ಷದ ಹಿಂದೆ ಒಂದು ಜ್ವರ ಬಂದು ಮಾವನವರ ಮೂಗು ಹೋಯಿತಂತೆ. ಒಂದು ವಾಸನೆಯೂ ಗೊತ್ತಾಗುವುದಿಲ್ಲ. ಗೋದಾಮಿನಲ್ಲಿ ಅವರು ಮುಂದೆ ನಡೆಯುತ್ತಾರೆ, ಅತ್ತೆ ನೀರಿನ ತಂಬಿಗೆ ಹಿಡಿದು ಹಿಂದೆ ನಡೆಯುತ್ತಾರೆ. ಎಲ್ಲಾದರೂ ಸುಟ್ಟ ವಾಸನೆ ಬಂದರೆ ಅತ್ತೆ ಅವರ ಮೊಣಕೈ ಮುಟ್ಟುತ್ತಾರೆ. ಆಗ ಮಾವ ನಿಂತು, ಮೂಸಿದ ಹಾಗೆ ಮಾಡಿ, "ತೆಗೀರಿ ಇದನ್ನ" ಎನ್ನುತ್ತಾರೆ. ಮುಟ್ಟದಿದ್ದರೆ "ಶುದ್ಧ". ಎಂಟು ವರ್ಷದಲ್ಲಿ ಎರಡು ಬೇಲು ಹಾಗೆ ಹಿಡಿದಿದ್ದಾರೆ. ಊರೆಲ್ಲ ಮಾವನವರನ್ನು ಹೊಗಳಿತು.

"ಮಾವ ನಿಮಗೆ ಯಾವತ್ತು ಹೇಳಿದ್ರು?" ಎಂದು ಕೇಳಿದೆ.

"ಹೇಳಿಲ್ಲ. ನಾನೂ ಕೇಳಿಲ್ಲ. ಮೊದಲನೇ ಸಲ ಸುಮ್ಮನೆ ಮುಟ್ಟಿದೆ, ಅವರು ನಿಂತ್ರು. ಅವತ್ತಿಂದ ಹಾಗೇ ನಡ್ಕೊಂಡು ಬಂದಿದೆ. ಈ ವಿಷಯ ನಾವಿಬ್ರೂ ಒಂದು ದಿನನೂ ಮಾತಾಡಿಲ್ಲ ಕಣೇ."

ಮಗನಿಗೂ ಗೊತ್ತಿಲ್ಲ.

ಅಕ್ಕ, ಈಗ ನಿನಗೂ ಹೊಳೆದಿರಬೇಕು. ಹತ್ತನೆಯ ದಿನ ನಲವತ್ತೆರಡು ಬೇಲುಗಳ ನಡುವೆ ಮಾವ ನಡೆದಾಗ ಹಿಂದೆ ಯಾರೂ ಇರಲಿಲ್ಲ. ಮಗ ಕಾಲಿಗೆ ಬೀಳುವುದೊಂದು ಬಾಕಿ, ಕೆಲಸದವರೆಲ್ಲ ಸುತ್ತ ನಿಂತಿದ್ದಾರೆ, ಅವರು ಏನನ್ನಬೇಕಿತ್ತು? "ನಿಮ್ಮಮ್ಮ ಬರಲಿ" ಎನ್ನಬೇಕಿತ್ತೇ? ಅತ್ತೆ ಹೇಳಿದರು: "ನಾನು ಎರಡು ದಿನ ಮುಂಚೆನೇ ಹೊರಟಿದ್ದೆ. ನಿನ್ನಕ್ಕ ರವಿಕೆ ತೋಳು ಸರಿ ಕೂತಿಲ್ಲ, ಇನ್ನೆರಡು ದಿನ ಇದ್ದು ಹೋಗಿ ಅಂದ್ಲು. ಇದ್ದುಬಿಟ್ಟೆ." ನಿನ್ನ ಮೇಲೆ ತಪ್ಪು ಹೊರಿಸಿ ಹೇಳಲಿಲ್ಲ ಅವರು. ನಾನೂ ಹೊರಿಸುತ್ತಿಲ್ಲ. ಅಂಗಳ ಕೇಳಿದವಳು ನಾನು.

"ಎಲ್ಲರಿಗೂ ಹೇಳಿಬಿಡೋಣ ಅತ್ತೆ, ಕೆಡವಿ ನೋಡಲಿ" ಎಂದೆ.

"ಹೇಳು. ನಾಳೆ ಬೆಳಿಗ್ಗೆ ನಲವತ್ತು ಹಳ್ಳಿಯ ಬಂಡಿ ಬಂದು ಮಾಲು ಹೊರಗೆ ಎಳೀತವೆ. ಸಿಕ್ಕ ಬೆಲೆಗೆ ಮಾರ್ಕೊಂಡು ಹೋಗ್ತಾರೆ. ಹೂವಿನ ಅಚ್ಚು ಮುಗೀತು. ಮುಂದಿನ ವರ್ಷ ಇಲ್ಲಿಗೆ ಯಾರು ಹತ್ತಿ ತರ್ತಾರೆ? ಪ್ರೆಸ್ಸು, ಎಣ್ಣೆ ಮಿಲ್ಲು, ಶಾಲೆ, ಯಾವುದಿರುತ್ತೆ? ಒಳಗೆ ಏನೂ ಇಲ್ಲದಿದ್ರೂ ನಾವೇ ಸುಟ್ಟ ಹಾಗೆ."

"ಒಳಗೆ ಇದ್ರೆ?"

ಅವರು ಸ್ವಲ್ಪ ಹೊತ್ತು ತಳ ಹಿಡಿದ ಪಾತ್ರೆ ಉಜ್ಜುತ್ತಾ ಇದ್ದರು. ಆಮೇಲೆ ಹೇಳಿದರು: ದಿನಾ ಹೋಗಿ ನೋಡುತ್ತಿದ್ದೇನೆ, ಆದರೆ ಈ ಚಳಿಗಾಲದಿಂದ ನನ್ನ ಮೂಗೂ ಮಂಕಾಗಿದೆ, ಎಂಟು ವರ್ಷ ಆ ಧೂಳು ಕುಡಿದದ್ದು ಸುಮ್ಮನೆ ಬಿಡುತ್ತದೆಯೇ, ಹೋದ ವಾರ ಹುಳಿಯಾದ ಹಾಲನ್ನೇ ನಿಮಗೆಲ್ಲ ಕೊಟ್ಟೆ, ಗೊತ್ತಾಗಲಿಲ್ಲ, ಎಂದು. ಕದಕ್ಕೆ ಮೊಹರು ಹಾಕುವ ಮುಂಚೆ ಗೋದಾಮನ್ನು ಮೂರು ದಿನ ಪೂರ್ತಿ ಮುಚ್ಚಿಟ್ಟು ಒಂದು ಸಲ ತೆರೆಯುತ್ತಾರೆ. ಈಗ ದಿನವಿಡೀ ಕದ ತೆರೆದಿರುತ್ತದೆ, ಗಾಳಿ ಆಡುತ್ತದೆ, ಏನೂ ನಿಲ್ಲುವುದಿಲ್ಲ. ಮೂರು ದಿನ ಮುಚ್ಚಿ ತೆಗೆದಾಗ ಬರುವ ಮೊದಲ ಗಾಳಿಯಲ್ಲಿ ಮಾತ್ರ, ಒಂದೇ ಒಂದು ಬೇಲು ಕೆಟ್ಟಿದ್ದರೂ, ಇರುವುದೆಲ್ಲ ಇರುತ್ತದೆ. "ಅವತ್ತು ಮಾವನ ಹಿಂದೆ ನೀನು ನಡೀಬೇಕು. ಹೊಸ ಸೊಸೆ ನೀರು ಹಿಡ್ಕೊಂಡು ಬಂದ್ರೆ ಯಾರೂ ಏನೂ ಅನ್ಕೊಳಲ್ಲ. ಸ್ವಲ್ಪ ಅನುಮಾನ ಬಂದ್ರೂ ಸಾಕು, ಮೊಣಕೈ ಮುಟ್ಟು. ಆ ಒಂದು ಸಾಲು ಮಾತ್ರ ಕೆಡವಿಸ್ತಾರೆ. ಊರೂ ಉಳಿಯುತ್ತೆ, ಅವರ ಮಾನನೂ ಉಳಿಯುತ್ತೆ."

ಬಟ್ಟಲುಗಳ ಆಟ ಯಾಕೆಂದು ಈಗ ಗೊತ್ತಾಯಿತಲ್ಲ.

ಇವರಿಗೆ ಹೇಳದ ಮೊದಲನೆಯ ಮಾತು ಇದು, ಅಕ್ಕ. ಮದುವೆಯಾಗಿ ಐದೇ ವಾರ. ಊಟಕ್ಕೆ ಕೂತಾಗ "ಏನು, ಇವತ್ತು ರೇಡಿಯೋ ಆಫ್ ಆಗಿದೆ?" ಎಂದು ಕೇಳಿದರು. "ಬ್ಯಾಟರಿ ಮುಗಿದಿದೆ" ಎಂದೆ. ನಕ್ಕರು. ಪಾಪ, ಎಷ್ಟು ಸುಲಭವಾಗಿ ನಂಬುತ್ತಾರೆ. ನಾನು ದಿನಾ ಅತ್ತೆಯ ಜೊತೆ ಗೋದಾಮಿಗೆ ಹೋಗಿ ಓಣಿ ಓಣಿ ಅಲೆದು ಅಭ್ಯಾಸ ಮಾಡುತ್ತಿದ್ದೇನೆ. ಹೆದರಬೇಡ, ನನ್ನ ಮೂಗು ಚಿಕ್ಕಂದಿನಿಂದಲೂ ನಾಯಿ ಮೂಗು ಎಂದು ನೀನೇ ಹೇಳುತ್ತಿದ್ದೆಯಲ್ಲ.

ನಿನ್ನ ವಟವಟಿ


ಮಾರ್ಚ್ 1

ನನ್ನ ಮುದ್ದಿನ ಅಕ್ಕ,

ನಿನ್ನೆಯೇ ಬರೆಯಬೇಕಿತ್ತು, ನೀನು ಉಗುರು ಕಚ್ಚುತ್ತಾ ಕೂತಿರುತ್ತೀಯ ಎಂದು ಗೊತ್ತು. ಕ್ಷಮಿಸು. ಮನೆ ತುಂಬ ಜನ, ಚಹಾ ಮಾಡಿ ಮಾಡಿ ಕೈ ಸೋತಿತು. ಎಲ್ಲ ಮುಗಿಯಿತು. ಕದ ಮುಚ್ಚಿತು, ಮೊಹರು ಬಿತ್ತು. ಮಾವ "ಶುದ್ಧ" ಎಂದರು.

ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೇ ಅಂಗಳ ತುಂಬಿತ್ತು. ನಲವತ್ತು ಹಳ್ಳಿಯಿಂದ ಒಬ್ಬೊಬ್ಬರು ಬೆಳೆಗಾರರು, ಒಗೆದ ಅಂಗಿ ಹಾಕಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಹಾಗೆ ನಿಂತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರು, ಬೆನ್ನು ಬಾಗಿದವರು, ಸುಟ್ಟ ವರ್ಷವನ್ನು ಕಣ್ಣಾರೆ ಕಂಡವರು. ಎಲ್ಲರೂ ಅವರನ್ನು "ದೊಡ್ಡಪ್ಪ" ಎನ್ನುತ್ತಾರೆ. ನನ್ನ ಕೈಯಲ್ಲಿ ತಂಬಿಗೆ ನೋಡಿ, "ಓಹೋ, ಅತ್ತೆಗೆ ಪೆನ್ಷನ್ ಆಯ್ತಾ?" ಎಂದರು. ಎಲ್ಲರೂ ನಕ್ಕರು. ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆಯೂ ನಕ್ಕರು. ಇವರು ನನ್ನನ್ನು ನೋಡಿ ಯಾರಿಗೂ ಕಾಣದ ಹಾಗೆ ಕಣ್ಣು ಹೊಡೆದರು. ನನ್ನ ಗಂಡನಿಗೆ ನನ್ನ ಬಗ್ಗೆ ಎಷ್ಟು ಹೆಮ್ಮೆ ಗೊತ್ತೇ? ಪಕ್ಕದವರಿಗೆ ಹೇಳುತ್ತಿದ್ದರು: "ಪಟ್ಟಣದಲ್ಲಿ ಓದಿದವಳು, ಆದ್ರೂ ನೋಡಿ, ಎಷ್ಟು ಬೇಗ ನಮ್ಮ ಕೆಲಸಕ್ಕೆ ಹೊಂದ್ಕೊಂಡ್ಳು."

ಮೇಸ್ತ್ರಿ ಕದದ ಅಡ್ಡಪಟ್ಟಿ ಎತ್ತಿದರು. ಕದ ತೆರೆದಾಗ ಒಳಗಿನ ಗಾಳಿ ಮುಖಕ್ಕೆ ತಾಗಿತು. ಮಾವ ಒಳಗೆ ಹೆಜ್ಜೆಯಿಟ್ಟರು, ಹಿಂದೆ ನಾನು, ನನ್ನ ಹಿಂದೆ ದೊಡ್ಡಪ್ಪ. ಮಾವ ಬಹಳ ನಿಧಾನವಾಗಿ ನಡೆದರು. ಪ್ರತಿಯೊಂದು ಸಾಲಿನ ಎದುರು ನಿಂತು ತಲೆಯನ್ನು ಒಂದಿಷ್ಟು ಎತ್ತುತ್ತಿದ್ದರು, ಮೊಣಕೈಯನ್ನು ಮೈಯಿಂದ ಸ್ವಲ್ಪ ಹೊರಗೆ ಹಿಡಿಯುತ್ತಿದ್ದರು. ಕಾಯುತ್ತಿದ್ದರು, ಅಕ್ಕ. ನನ್ನ ಕೈಗಾಗಿ. ಅವರ ಅಂಗಿಯ ತೋಳಿಗೆ ಅತ್ತೆ ಹೊಸ ಗುಂಡಿ ಹೊಲಿದಿದ್ದರು, ಅದನ್ನೇ ನೋಡುತ್ತಾ ನಡೆದೆ. ಹದಿನಾಲ್ಕು ಸಾಲು. ಪ್ರತಿ ಸಾಲಿನ ಎದುರು ಅವರು ನಿಂತಷ್ಟು ಹೊತ್ತು ದೊಡ್ಡಪ್ಪನ ಊರುಗೋಲೂ ನಿಲ್ಲುತ್ತಿತ್ತು.

ಪಡುವಣ ಗೋಡೆಯ ಹತ್ತಿರ ಒಂದು ಚಂದದ ವಿಷಯ ನಡೆಯಿತು. ಗೋದಾಮಿನ ಬೆಕ್ಕು ಅಲ್ಲಿ ಮೂರನೆಯ ಅಟ್ಟಿಯ ಮೇಲೆ ಮರಿ ಹಾಕಿದೆ! ಮುಚ್ಚಿದ ಮೂರು ದಿನವೂ ಅಲ್ಲೇ ಇತ್ತು. ಮೇಸ್ತ್ರಿ ಹೇಳಿದರು: "ಹದಿನೈದು ದಿನದಿಂದ ಇದು ಬೇರೆ ಕಡೆ ಮಲಗೋದೇ ಇಲ್ಲ, ಎತ್ತಿ ಆಚೆ ಹಾಕಿದ್ರೂ ಓಡಿ ಬಂದು ಇಲ್ಲೇ ಕೂರುತ್ತೆ." ಒಳ್ಳೆಯ ಶಕುನ ಎಂದರು ದೊಡ್ಡಪ್ಪ. ಮೊಹರು ಹಾಕುವ ಮುಂಚೆ ಅವನ್ನು ಹೊರಗೆ ತರಬೇಕಲ್ಲ, ನಾಲ್ಕು ಮರಿ, ನನ್ನ ಮಡಿಲಿಗೆ ಹಾಕಿದರು. ಅಕ್ಕ, ಎಷ್ಟು ಬೆಚ್ಚಗಿದ್ದವು! ಈಗ ತಾನೆ ಇಸ್ತ್ರಿ ಮಾಡಿದ ಬಟ್ಟೆ ಮಡಿಲಲ್ಲಿಟ್ಟ ಹಾಗೆ. ತಾಯಿ ಬೆಕ್ಕು ಮಾತ್ರ ಬರಲು ಒಪ್ಪದೆ ಮೇಸ್ತ್ರಿಯ ಕೈ ಪರಚಿ ಗಾಯ ಮಾಡಿತು.

ಕೊನೆಯ ಸಾಲು ಮುಗಿಯಿತು. ಮಾವ ಕದದ ಹತ್ತಿರ ಬಂದು ಜನರ ಕಡೆ ತಿರುಗುವ ಮುಂಚೆ ಒಂದು ಸಲ ನನ್ನ ಮುಖ ನೋಡಿದರು. ಎಂಟು ವರ್ಷದಲ್ಲಿ ಅತ್ತೆಯ ಮುಖವನ್ನು ಹಾಗೆ ನೋಡಿದ್ದರೋ ಇಲ್ಲವೋ. ನಾನು ತಂಬಿಗೆ ಮುಂದೆ ಹಿಡಿದೆ. ಅವರು ಒಂದು ಗುಟುಕು ನೀರು ಕುಡಿದರು, "ಶುದ್ಧ" ಎಂದರು.

ಆಮೇಲಿನ ಸದ್ದು ನೀನು ಕೇಳಬೇಕಿತ್ತು! ಟೋಪಿಗಳು ಹಾರಿದವು. ದೊಡ್ಡಪ್ಪ ಅತ್ತುಬಿಟ್ಟರು. "ನನ್ನ ಮೊಮ್ಮಗಳ ಮದುವೆ ಮೇ ತಿಂಗಳಲ್ಲಿ, ಈ ಸಲ ಬೆಲೆ ಸಿಗ್ಲಿ ಅಂತ ಹಾರೈಸು ತಾಯಿ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನಲವತ್ತು ಜನರೂ ಒಬ್ಬೊಬ್ಬರಾಗಿ ಬಂದು ಮಾವನವರ ಕೈ ಕುಲುಕಿದರು. ಕದ ಎಳೆದು, ಸಂದುಗಳಿಗೆ ಮೇಣ ತುಂಬಿ, ಹೂವಿನ ಅಚ್ಚು ಒತ್ತಿದರು. ಇನ್ನು ಎರಡು ತಿಂಗಳು ಯಾರೂ ಮುಟ್ಟುವಂತಿಲ್ಲ. ಎಲ್ಲರೂ ಹೋದ ಮೇಲೆ ಅತ್ತೆ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. "ನನ್ನ ಭಾರ ಇಳಿಸಿದೆ ಕಣೇ" ಎಂದರು. ಅವರು ಆರು ವಾರದ ಮೇಲೆ ಮೊದಲ ಸಲ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದರು.

ನಿನಗೆ ಧೈರ್ಯವಾಯಿತು ತಾನೇ? ಭಾವನಿಗೆ ನನ್ನ ನಮಸ್ಕಾರ. ಮಗುವಿಗೆ ನನ್ನ ಆಶೀರ್ವಾದ. ಹೌದು ಸ್ವಾಮಿ, ನಾನೀಗ ದೊಡ್ಡ ಮನೆಯ ಸೊಸೆ, ಆಶೀರ್ವಾದ ಮಾಡುವ ಹಕ್ಕಿದೆ! ಅದು ನೂರು ವರ್ಷ ಬಾಳಲಿ, ಒಳ್ಳೆಯದನ್ನೇ ನೋಡಲಿ, ಯಾರ ಹತ್ತಿರವೂ ಏನನ್ನೂ ಮುಚ್ಚಿಡದೆ ಬೆಳೆಯಲಿ. ನಿನ್ನ ಕೈಗಳಿಗೆ ನನ್ನ ಮುತ್ತು.

ನಿನ್ನ ತಂಗಿ,
ವಟವಟಿ

ಬರೆಯದೆ ಬಿಟ್ಟದ್ದು: ಅಕ್ಕ, ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿನ್ನೆ ಬೆಳಿಗ್ಗೆ ಎದ್ದಾಗ ನನ್ನ ಮೂಗು ಕಟ್ಟಿತ್ತು. ನೆಗಡಿಯಲ್ಲ, ತಲೆನೋವೂ ಇಲ್ಲ. ಹತ್ತು ದಿನ ಅಭ್ಯಾಸ ಮಾಡುತ್ತೇನೆಂದು ಆ ಓಣಿಗಳ ಧೂಳು ಎಳೆದುಕೊಂಡದ್ದು. ಎರಡೂ ಹೊಳ್ಳೆಗೆ ಅರಳೆ ತುರುಕಿದ ಹಾಗಿತ್ತು. ಬಿಸಿನೀರಿನ ಹಬೆ ತೆಗೆದುಕೊಂಡೆ. ಲವಂಗ ಅರೆದು ಮೂಸಿದೆ, ಸೀಮೆಎಣ್ಣೆಯ ಡಬ್ಬಕ್ಕೇ ಮುಖ ಇಟ್ಟೆ. ನೀರು ಮೂಸಿದ ಹಾಗಿತ್ತು. ಗೋದಾಮಿನ ಹತ್ತಿರ ಹೋಗುವಷ್ಟರಲ್ಲಿ ಸರಿಯಾಗುತ್ತದೆ ಎಂದುಕೊಂಡೆ. ಕದ ತೆರೆದ ಮೇಲೆ ಎರಡನೆಯ ಸಾಲಿಗೆ ಸರಿಯಾಗುತ್ತದೆ, ಐದನೆಯ ಸಾಲಿಗೆ ಸರಿಯಾಗುತ್ತದೆ ಎಂದುಕೊಳ್ಳುತ್ತಾ ನಡೆದೆ. ಸುಮ್ಮನೆ ಒಂದು ಸಲ ಮಾವನವರ ಮೊಣಕೈ ಮುಟ್ಟಿದ್ದರೆ ಸಾಕಿತ್ತು, ಯಾವ ಸಾಲಾದರೂ ಸರಿ, ಎಲ್ಲ ನಿಲ್ಲುತ್ತಿತ್ತು. ನನ್ನ ಕೈ ತಂಬಿಗೆಯನ್ನು ಬಿಡಲಿಲ್ಲ. ಇವರು ಕದದ ಹತ್ತಿರ ನಗುತ್ತಾ ನಿಂತಿದ್ದರು.

ಇದನ್ನು ಬರೆದು ಮುಗಿಸಿ, ಎದ್ದು ಹೋಗಿ, ಅತ್ತೆಗೆ ಹೇಳಿಬಿಡಬೇಕು ಎಂದುಕೊಂಡೇ ಪೆನ್ನು ಹಿಡಿದೆ. ಈಗ ತಾನೆ ಅವರೇ ಬಂದಿದ್ದರು. ನಿದ್ದೆಯಿಂದ ಎದ್ದ ಮುಖ, ಬಾಗಿಲ ಚೌಕಟ್ಟು ಹಿಡಿದು ನಿಂತು, ಅಂಗಳದ ಕಡೆ ತಿರುಗಿ, "ಏನಾದ್ರೂ ವಾಸನೆ ಬರ್ತಿದ್ಯೇನೇ?" ಎಂದು ಕೇಳಿದರು.

"ಇಲ್ಲ ಅತ್ತೆ" ಎಂದೆ.

ಅವರು ನನ್ನನ್ನು ನಂಬಿ ಮತ್ತೆ ಮಲಗಲು ಹೋದರು.